ನೆಲ ನುಂಗಿದ ಮರುದನಿ

ಸಂತೆಯಲ್ಲಿ ಗಡಿಗೆಯನ್ನು ಕೊಳ್ಳುವ ಗೃಹಿಣಿಯು ಅದನ್ನು ಕಣ್ಣಿನಿಂದ ನೋಡಿದ ಮಾತ್ರಕ್ಕೆ ತೃಪ್ತಳಾಗುವುದಿಲ್ಲ. ಬೆರಳಿನ ಗೆಣ್ಣಿನಿಂದ ಮೆಲ್ಲನೆ ತಟ್ಟಿ ಕಿವಿಗೊಡುವಳು. ದನಿ ಕಣಕಣನೆ ಬಂದರೆ ಗಡಿಗೆ ಗಟ್ಟಿ. ಬದ್ದೆಂದರೆ ಎಲ್ಲಿಯೋ ಬಿರುಕುಂಟು. ಒಳಗನ್ನು ಒಡೆಯದೆ ಒಳಗನ್ನು ಅರಿಯುವ ಉಪಾಯಗಳಲ್ಲಿ ಇದಕ್ಕಿಂತ ಸುಲಭವಾದುದು ಬಹುಶಃ ಮತ್ತೊಂದಿಲ್ಲ. ವೈದ್ಯನು ರೋಗಿಯ ಎದೆಯ ಮೇಲೆ ಬೆರಳಿಟ್ಟು ತಟ್ಟುವುದೂ, ಗೌಂಡಿಯು ಹಳೆಯ ಗೋಡೆಯನ್ನು ಕುಟ್ಟಿ ನೋಡುವುದೂ ಇದೇ ವಿದ್ಯೆಯ ಶಾಖೆಗಳು. ತಟ್ಟಿದವನಿಗೆ ಉತ್ತರ ಬರುವುದು. ಆ ಉತ್ತರದಿಂದ ಒಳಗಿನ ಸ್ಥಿತಿ ತಿಳಿಯುವುದು. ಆದರೆ ತಟ್ಟಿದಾಗ ಉತ್ತರವೇ ಬಾರದೆ ಹೋದರೆ ಏನೆಂದು ತಿಳಿಯಬೇಕು? ಒಳಗೆ ಏನೂ ಇಲ್ಲವೆಂದೇ, ಅಥವಾ ಉತ್ತರವು ಬರುವ ದಾರಿಯಲ್ಲಿ ಅಡಗಿಹೋಯಿತೆಂದೇ? ಗಡಿಗೆಯ ವಿಷಯದಲ್ಲಿ ಈ ಪ್ರಶ್ನೆ ಹುಟ್ಟುವುದಿಲ್ಲ. ನೆಲದ ವಿಷಯದಲ್ಲಿ ಹುಟ್ಟುವುದು. ಮತ್ತು ಕೆಲವು ಸಂದರ್ಭಗಳಲ್ಲಿ ಅದಕ್ಕೆ ಕೊಟ್ಟ ಉತ್ತರದ ಮೇಲೆ ಮನುಷ್ಯರ ಪ್ರಾಣವೇ ನಿಂತಿರುವುದು.

ನೆಲವನ್ನು ತಟ್ಟಿ ಕೇಳಲು ಇಂದಿನ ವಿಜ್ಞಾನಿಗಳು ಬಳಸುವ ಸಾಧನಗಳಲ್ಲಿ ಭೂಭೇದಕ ರೇಡಾರ್ ಎಂಬುದೊಂದು. ನೋಡುವುದಕ್ಕೆ ಅದು ಬಹು ಸಾಮಾನ್ಯವಾದ ಯಂತ್ರ. ಕೈಯಿಂದ ತಳ್ಳಿಕೊಂಡು ಹೋಗುವ ಒಂದು ಪುಟ್ಟ ಗಾಡಿ, ಅದರ ಅಡಿಯಲ್ಲಿ ನೆಲಕ್ಕೆ ತಾಗುವಷ್ಟು ಸಮೀಪದಲ್ಲಿ ಎರಡು ಆಂಟೆನಾಗಳು. ಒಂದು ಆಂಟೆನಾ ರೇಡಿಯೋ ತರಂಗದ ಅತ್ಯಲ್ಪಕಾಲದ ಮಿಡಿತವೊಂದನ್ನು ನೆಲದೊಳಕ್ಕೆ ಕಳುಹಿಸುವುದು. ಮಣ್ಣಿನ ಒಂದು ಪದರ ಮುಗಿದು ಮತ್ತೊಂದು ಮೊದಲಾಗುವೆಡೆಯಲ್ಲಿ, ಹೂತುಹೋದ ಗೋಡೆಯಲ್ಲಿ, ನೀರಿನ ಕೊಳವೆಯಲ್ಲಿ, ಪೊಳ್ಳಿನಲ್ಲಿ, ಆ ತರಂಗದ ಒಂದು ಪಾಲು ಹಿಂದಿರುಗುವುದು. ಎರಡನೆಯ ಆಂಟೆನಾ ಅದನ್ನು ಹಿಡಿಯುವುದು. ಹೋಗಿಬರಲು ತಗಲಿದ ಕಾಲವನ್ನು ಅಳೆದು ಆಳವನ್ನು ಎಣಿಸುವರು. ಈ ತರಂಗವು ಗಾಳಿಯಲ್ಲಿ ಒಂದು ನ್ಯಾನೊಸೆಕೆಂಡಿನಲ್ಲಿ, ಎಂದರೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗದಲ್ಲಿ, ೩೦ ಸೆಂಟಿಮೀಟರು ನಡೆಯುವುದು; ಒಣಮರಳಿನಲ್ಲಿ ಸುಮಾರು ೧೫; ನೀರು ತುಂಬಿದ ಮರಳಿನಲ್ಲಿ ಸುಮಾರು ೬. ಗಾಡಿಯು ಸಾಲುಸಾಲಾಗಿ ಹೊಲವನ್ನು ದಾಟಿದಂತೆ ಮರುದನಿಗಳು ಒಂದರ ಪಕ್ಕದಲ್ಲೊಂದು ಕೂಡಿ, ನೆಲವನ್ನು ಕತ್ತಿಯಿಂದ ಸೀಳಿ ತೋರಿಸಿದಂತಹ ಚಿತ್ರವಾಗುವುವು.

ಈ ಉಪಾಯ ನಿನ್ನೆ ಮೊನ್ನೆಯದಲ್ಲ. ೧೯೧೦ನೆಯ ಇಸವಿಯಲ್ಲಿಯೇ ಜರ್ಮನಿಯ ಲೈಂಬಾಖ್ ಮತ್ತು ಲೋವಿ ಎಂಬುವರು ರೇಡಿಯೋ ತರಂಗಗಳಿಂದ ನೆಲದೊಳಗಿನ ವಸ್ತುಗಳನ್ನು ಕಂಡುಹಿಡಿಯುವ ಕ್ರಮವೊಂದಕ್ಕೆ ಪೇಟೆಂಟ್ ಪಡೆದರು. ೧೯೨೬ರಲ್ಲಿ ಹ್ಯೂಲ್ಸೆನ್‌ಬೆಕ್ ಎಂಬವನು ಎಡೆಬಿಡದ ತರಂಗಕ್ಕೆ ಬದಲಾಗಿ ಕಿರುಮಿಡಿತಗಳನ್ನು ಬಳಸಿದನು. ೧೯೨೯ರಲ್ಲಿ ಷ್ಟೆರ್ನ್ ಎಂಬ ವಿದ್ವಾಂಸನು ಆಸ್ಟ್ರಿಯ ದೇಶದ ಹಿಮನದಿಯೊಂದರ ದಪ್ಪವನ್ನು ಈ ಬಗೆಯಿಂದ ಅಳೆದನು. ಅಂದಿನ ಬೀಜವು ಇಂದು ಎಷ್ಟು ದೊಡ್ಡ ವೃಕ್ಷವಾಗಿರುವುದೆಂಬುದಕ್ಕೆ ಒಂದು ನಿದರ್ಶನ ಸಾಕು. ಇಟಲಿಯಲ್ಲಿ ರೋಮಿಗೆ ಉತ್ತರಕ್ಕಿರುವ ಫಲೇರಿ ನೋವಿ ಎಂಬ ಪ್ರಾಚೀನ ನಗರವು ಹೊಲಗಳ ಅಡಿಯಲ್ಲಿ ಮಲಗಿದೆ. ಕೇಂಬ್ರಿಜ್ ಮತ್ತು ಗೆಂಟ್ ವಿಶ್ವವಿದ್ಯಾಲಯಗಳ ಪುರಾತತ್ತ್ವಜ್ಞರು ಅಲ್ಲಿನ ಸುಮಾರು ೩೦ ಹೆಕ್ಟೇರು ನೆಲವನ್ನು ಗುದ್ದಲಿ ತಾಗಿಸದೆ ರೇಡಾರಿನಿಂದಲೇ ಪರೀಕ್ಷಿಸಿ, ಬೀದಿ, ಅಂಗಡಿ, ದೇವಾಲಯ, ಸ್ನಾನಗೃಹಗಳೊಡನೆ ಇಡಿಯ ನಗರದ ನಕ್ಷೆಯನ್ನು ೨೦೨೦ರಲ್ಲಿ ಪ್ರಕಟಿಸಿದರು.

ಇಂತಹ ವರ್ತಮಾನವನ್ನು ಓದಿದವರಿಗೆ, ಈ ಯಂತ್ರವೊಂದಿದ್ದರೆ ನೆಲದಲ್ಲಿ ಗುಟ್ಟೆಂಬುದೇ ಉಳಿಯದೆಂದು ತೋರುವುದು ಸಹಜ. ಹಿಮಖಂಡಗಳ ವೃತ್ತಾಂತವನ್ನು ಕೇಳಿದರೆ ಈ ಭಾವನೆ ಮತ್ತಷ್ಟು ಬಲಗೊಳ್ಳುವುದು. ದಪ್ಪವಾದ ಹಿಮದ ಮೇಲೆ ಹಾರುವ ವಿಮಾನಗಳಲ್ಲಿ ಎತ್ತರವನ್ನು ತೋರಿಸುವ ರೇಡಿಯೋ ಉಪಕರಣಗಳು ತಪ್ಪು ಲೆಕ್ಕ ಕೊಡುತ್ತಿದ್ದುವು. ತರಂಗವು ಹಿಮದ ಮೇಲ್ಮೈಯಲ್ಲಿ ನಿಲ್ಲದೆ ಒಳಹೊಕ್ಕು, ತಳದ ಬಂಡೆಯನ್ನು ಮುಟ್ಟಿ ಹಿಂದಿರುಗುತ್ತಿದ್ದುದೇ ಅದಕ್ಕೆ ಕಾರಣವೆಂದು ಅಮೆರಿಕದ ವೈಟ್ ಎಂಬ ಇಂಜಿನಿಯರನೂ ಅವನ ಸಂಗಡಿಗರೂ ತೋರಿಸಿಕೊಟ್ಟರು. ವಿಮಾನಚಾಲಕನಿಗೆ ಅಪಾಯವಾಗಿದ್ದುದು ಭೂಗೋಳಶಾಸ್ತ್ರಕ್ಕೆ ವರವಾಯಿತು. ೧೯೬೦ರ ದಶಕದಿಂದ ಮುಂದೆ ಕೇಂಬ್ರಿಜ್ಜಿನ ಎವನ್ಸ್ ಮೊದಲಾದವರ ಪ್ರಯತ್ನದಿಂದ ದಕ್ಷಿಣ ಧ್ರುವಖಂಡದ ಹಿಮವನ್ನು ವಿಮಾನದಿಂದಲೇ ಅಳೆಯುವುದು ಸಾಧ್ಯವಾಯಿತು. ಸುಮಾರು ೪ ಕಿಲೋಮೀಟರು ಹಿಮದ ಕೆಳಗೆ ಕನ್ನಡಿಯಂತೆ ಸಮತಟ್ಟಾದ ಮರುದನಿಯೊಂದು ೧೯೭೦ರ ದಶಕದಲ್ಲಿ ಕೇಳಿಬಂದಿತು. ಅದು ಸುಮಾರು ೨೫೦ ಕಿಲೋಮೀಟರು ಉದ್ದದ ದೊಡ್ಡದೊಂದು ಸರೋವರವೆಂದು ೧೯೯೬ರಲ್ಲಿ ನಿಶ್ಚಯವಾಯಿತು. ವಸ್ತೋಕ್ ಸರೋವರವೆಂದು ಹೆಸರಾದುದು ಅದೇ.

ನಾಲ್ಕು ಕಿಲೋಮೀಟರು ಹಿಮವನ್ನು ದಾಟಬಲ್ಲ ಅದೇ ಜಾತಿಯ ತರಂಗವನ್ನು ತಂದು ಜೇಡಿಮಣ್ಣಿನ ಹೊಲದಲ್ಲಿ ಬಿಟ್ಟರೆ ಆಗುವುದೇನು? ಒಂದು ಮೀಟರು, ಹೆಚ್ಚೆಂದರೆ ಒಂದೂವರೆ ಮೀಟರು ಇಳಿಯುವಷ್ಟರಲ್ಲಿಯೇ ಅದರ ಉಸಿರು ನಿಂತುಹೋಗುವುದು. ಚಿತ್ರದ ಮೇಲ್ಭಾಗದಲ್ಲಿ ನಾಲ್ಕಾರು ಗೆರೆಗಳು. ಕೆಳಗೆಲ್ಲ ಬೂದಿಬಣ್ಣದ ಗೊಂದಲ. ಈ ಸೊರಗುವಿಕೆಗೆ ಶಾಸ್ತ್ರದಲ್ಲಿ ಕ್ಷಯವೆಂದು ಹೆಸರಿಡಬಹುದು. ಅದಕ್ಕೆ ಕಾರಣಗಳು ಮೂರು. ಮೊದಲನೆಯದು ಹರಡುವಿಕೆ, ದೀಪದಿಂದ ದೂರ ಸರಿದಂತೆ ಬೆಳಕು ತೆಳುವಾಗುವ ಹಾಗೆ ತರಂಗವೂ ತೆಳುವಾಗುವುದು. ಎರಡನೆಯದು ಚದರುವಿಕೆ, ಕಲ್ಲು, ಬೇರು, ಬಿಲಗಳಿಗೆ ತಾಗಿ ತರಂಗವು ಬೇಡವಾದ ದಿಕ್ಕುಗಳಿಗೆ ಹೊರಟುಹೋಗುವುದು. ಮೂರನೆಯದೂ ಎಲ್ಲಕ್ಕಿಂತ ಪ್ರಬಲವಾದುದೂ ಹೀರುವಿಕೆ. ಇದರಲ್ಲಿ ತರಂಗದ ಶಕ್ತಿಯು ಮಣ್ಣಿನಲ್ಲಿಯೇ ಅತ್ಯಲ್ಪವಾದ ಬಿಸಿಯಾಗಿ ಮಾರ್ಪಟ್ಟು ಮತ್ತೆ ಬಾರದಂತೆ ಮಾಯವಾಗುವುದು.

ಹೀರುವ ಆ ಕಳ್ಳನು ನೀರೆಂದು ಯಾರಿಗಾದರೂ ತೋರೀತು. ಆದರೆ ವಿಚಾರಿಸಿ ನೋಡಿದರೆ ನೀರಿನ ಮೇಲಿನ ಅಪವಾದದಲ್ಲಿ ಅರ್ಧವೇ ನಿಜ. ನೀರು ತರಂಗದ ವೇಗವನ್ನು ತಗ್ಗಿಸುವುದು ದಿಟ. ಬಹು ಹೆಚ್ಚಿನ ಕಂಪನಸಂಖ್ಯೆಯ ತರಂಗಗಳನ್ನು ತಾನೂ ಹೀರುವುದು. ಆದರೂ ನೂರು ಮೆಗಾಹರ್ಟ್ಸ್ ತರಂಗಕ್ಕೆ ಶುದ್ಧವಾದ ನೀರು ಹೆಚ್ಚಿನ ಅಡ್ಡಿಯಲ್ಲ. ಸಿಹಿನೀರಿನ ಕೆರೆಯ ಮೇಲೆ ದೋಣಿಯಲ್ಲಿ ರೇಡಾರನ್ನಿಟ್ಟು ತಳವನ್ನು ಅಳೆಯುವುದುಂಟು. ಆ ನೀರಿನಲ್ಲಿ ತರಂಗದ ಕ್ಷಯವು ಮೀಟರಿಗೆ ಸುಮಾರು ೦.೧ ಡೆಸಿಬೆಲ್, ಸಮುದ್ರದ ನೀರಿನಲ್ಲಾದರೋ ಮೀಟರಿಗೆ ಸುಮಾರು ೧೦೦೦. ಎರಡಕ್ಕೂ ಇರುವ ಅಂತರವು ಉಪ್ಪು ಮಾತ್ರ. ನೀರಿನಲ್ಲಿ ಕರಗಿದ ಲವಣವು ವಿದ್ಯುದಂಶವುಳ್ಳ ಕಣಗಳಾಗಿ ಒಡೆಯುವುದು. ತರಂಗವು ಬಂದಾಗ ಆ ಕಣಗಳು ಅದರೊಡನೆ ಅತ್ತಿತ್ತ ಓಲಾಡಿ, ಅದರ ಶಕ್ತಿಯನ್ನು ಉಜ್ಜಾಟದಲ್ಲಿ ಕಳೆದುಬಿಡುವುವು.

ಜೇಡಿಮಣ್ಣಿಗೆ ಹೊರಗಿನ ಉಪ್ಪು ಸಹ ಬೇಕಾಗಿಲ್ಲ. ಅದು ಆ ಕಣಗಳನ್ನು ತನ್ನ ಮೈಯಲ್ಲಿಯೇ ಹೊತ್ತಿರುವುದು. ಜೇಡಿಯು ಕಣ್ಣಿಗೆ ಕಾಣದಷ್ಟು ತೆಳ್ಳನೆಯ ಹಾಳೆಗಳ ರಾಶಿ. ಆ ಹಾಳೆಗಳಲ್ಲಿ ಋಣವಿದ್ಯುತ್ತು ನೆಲಸಿರುವುದರಿಂದ ಸುಣ್ಣ, ಮೆಗ್ನೀಸಿಯಂ, ಪೊಟ್ಯಾಸಿಯಂ, ಸೋಡಿಯಂ ಇವುಗಳ ಧನಕಣಗಳು ಅವುಗಳಿಗೆ ಅಂಟಿಕೊಂಡಿರುವುವು. ಕನ್ನಡ ನಾಡಿನ ಉತ್ತರ ಭಾಗದ ಎರೆನೆಲವು ಈ ಗುಣಕ್ಕೆ ಹೆಸರಾದುದು. ಅದರಲ್ಲಿ ಹೇರಳವಾಗಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯು ಮಳೆಯಲ್ಲಿ ಉಬ್ಬಿ, ಬೇಸಗೆಯಲ್ಲಿ ಕಾಲು ಹೊಗುವಷ್ಟು ಬಿರಿಯುವುದೆಂಬುದನ್ನು ಧಾರವಾಡ, ಗದಗು, ವಿಜಯಪುರದ ಕಡೆಯ ಯಾವ ಒಕ್ಕಲಿಗನಾದರೂ ಹೇಳಬಲ್ಲನು. ಹಿಂಗಾರಿನ ಬಿಳಿಜೋಳವು ಮಳೆಯಿಲ್ಲದ ತಿಂಗಳುಗಳಲ್ಲಿಯೂ ನಿಂತು ತೆನೆಗೊಳ್ಳುವುದು ಆ ಮಣ್ಣು ಹಿಡಿದಿಟ್ಟ ತೇವದಿಂದ. ಪೈರಿನ ಬೇರು ತನ್ನ ಆಹಾರವಾಗಿ ಎಳೆದುಕೊಳ್ಳುವುದು ಆ ಹಾಳೆಗಳಿಗೆ ಅಂಟಿದ ಕಣಗಳನ್ನು. ತರಂಗವನ್ನು ನುಂಗುವುದೂ ಆ ತೇವವೇ, ಆ ಕಣಗಳೇ. ಪೈರಿಗೆ ಉಣಿಸುವ ಗುಣವೂ ನೋಟಕ್ಕೆ ತೆರೆಯೆಳೆಯುವ ಗುಣವೂ ಒಂದೇ ಮೂಲದಿಂದ ಹೊರಟವುಗಳಾಗಿವೆ.

ಈ ಕ್ಷಯದ ಪ್ರಮಾಣವನ್ನು ತಿಳಿಯಲು ಸ್ವಲ್ಪ ಲೆಕ್ಕ ಮಾಡುವುದು ಅವಶ್ಯಕ. ಹತ್ತು ಡೆಸಿಬೆಲ್ ಕ್ಷಯವೆಂದರೆ ಶಕ್ತಿಯು ಹತ್ತರಲ್ಲೊಂದು ಪಾಲಿಗೆ ಇಳಿಯಿತೆಂದು ಅರ್ಥ. ಇಪ್ಪತ್ತು ಎಂದರೆ ನೂರರಲ್ಲೊಂದು. ತೇವವಾದ ಜೇಡಿಯಲ್ಲಿ ಮೀಟರಿಗೆ ೪೦ ಡೆಸಿಬೆಲ್ ಕ್ಷಯವಾಗುವುದೆಂದು ಇಟ್ಟುಕೊಳ್ಳೋಣ. ಜೇಡಿಗಳಲ್ಲಿ ಇದಕ್ಕಿಂತ ಮೇಲಾದುವೂ ಕೇಡಾದುವೂ ಉಂಟು. ತರಂಗವು ಇಳಿಯಲೂ ಬೇಕು, ಏರಲೂ ಬೇಕು. ಆದುದರಿಂದ ಒಂದು ಮೀಟರು ಆಳದ ವಸ್ತುವಿನಿಂದ ಹಿಂದಿರುಗುವ ದನಿಯು ಹೀರುವಿಕೆಯೊಂದರಿಂದಲೇ ೮೦ ಡೆಸಿಬೆಲ್, ಎಂದರೆ ಹತ್ತು ಕೋಟಿಯಲ್ಲೊಂದು ಪಾಲಿಗೆ ಕುಗ್ಗುವುದು. ಎರಡು ಮೀಟರಿನಲ್ಲಿ ಆ ಪಾಲಿನಲ್ಲಿಯೂ ಹತ್ತು ಕೋಟಿಯಲ್ಲೊಂದು ಪಾಲು. ಅತಿ ತಣ್ಣನೆಯ ಹಿಮದಲ್ಲಾದರೋ ಕ್ಷಯವು ಮೀಟರಿಗೆ ಸುಮಾರು ೦.೦೧ ಡೆಸಿಬೆಲ್, ೩೦೦೦ ಮೀಟರು ಹೋಗಿಬಂದರೂ ನಷ್ಟವು ೬೦ ಡೆಸಿಬೆಲ್ ಮಾತ್ರ. ಈ ಎಣಿಕೆಯಂತೆ ಮೂರು ಕಿಲೋಮೀಟರು ಹಿಮವೂ ಮುಕ್ಕಾಲು ಮೀಟರು ಜೇಡಿಯೂ ತರಂಗದ ಪಾಲಿಗೆ ಸರಿಸಮ. ದೂರವನ್ನು ಮಾರಿನಿಂದ ಅಳೆಯುವ ಮನುಷ್ಯನ ಲೆಕ್ಕವೇ ಬೇರೆ, ತರಂಗದ ಲೆಕ್ಕವೇ ಬೇರೆ.

ಇದಕ್ಕೆ ಪರಿಹಾರವಿಲ್ಲವೇ ಎಂದರೆ, ಉಂಟು. ಆದರೆ ಪ್ರತಿಯೊಂದಕ್ಕೂ ಬೆಲೆಯುಂಟು. ಕಂಪನಸಂಖ್ಯೆಯನ್ನು ಇಳಿಸಿದರೆ ಚದರುವಿಕೆಯೂ ನೀರಿನ ಹೀರುವಿಕೆಯೂ ಕಡಮೆಯಾಗಿ ತರಂಗವು ಮತ್ತಷ್ಟು ಆಳಕ್ಕೆ ಇಳಿಯುವುದು. ಆದರೆ ಅದರ ಅಲೆಯು ಉದ್ದವಾಗಿ ಸಣ್ಣ ವಸ್ತುಗಳು ಕಾಣದಾಗುವುವು. ಸಾಧಾರಣ ಮಣ್ಣಿನಲ್ಲಿ ೧೦೦೦ ಮೆಗಾಹರ್ಟ್ಸಿನ ಅಲೆಯು ಸುಮಾರು ೧೦ ಸೆಂಟಿಮೀಟರು ಉದ್ದ. ೧೦೦ ಮೆಗಾಹರ್ಟ್ಸಿನದು ಒಂದು ಮೀಟರು. ಮೇಲೆ ಸೂಕ್ಷ್ಮವಾಗಿ ನೋಡಬೇಕೋ, ಆಳದಲ್ಲಿ ಮಸುಕಾಗಿ ನೋಡಬೇಕೋ ಎಂಬುದನ್ನು ಶೋಧಕನು ಮೊದಲೇ ಆರಿಸಿಕೊಳ್ಳಬೇಕು. ಒಂದೇ ಸ್ಥಳದಲ್ಲಿ ನೂರು ಮಿಡಿತಗಳನ್ನು ಕಳುಹಿಸಿ ಸರಾಸರಿ ತೆಗೆದರೆ ಗದ್ದಲದ ಶಕ್ತಿ ನೂರರಲ್ಲೊಂದು ಪಾಲಾಗುವುದು. ಮೇಲಿನ ಜೇಡಿಯಲ್ಲಿ ಈ ನೂರ್ಮಡಿ ಶ್ರಮದಿಂದ ಹೆಚ್ಚಾಗಿ ದೊರೆಯುವ ಆಳವೆಷ್ಟು? ಇಪ್ಪತ್ತೈದು ಸೆಂಟಿಮೀಟರು, ಒಂದು ಗೇಣಿಗಿಂತ ಸ್ವಲ್ಪ ಮೇಲು. ಕಳುಹಿಸುವ ಶಕ್ತಿಯನ್ನೇ ನೂರು ಪಟ್ಟು ಹೆಚ್ಚಿಸಿದರೂ ಫಲ ಅಷ್ಟೇ.

ಉಳಿದ ಉಪಾಯವೊಂದು ಎಲ್ಲಕ್ಕಿಂತ ಅಗ್ಗವಾದುದು, ಆದಕಾರಣ ಎಲ್ಲಕ್ಕಿಂತ ಅಪಾಯದ್ದು. ಬಂದ ದನಿಯನ್ನು ಯಂತ್ರದಲ್ಲಿ ಹಿಗ್ಗಿಸಿ, ಆಳ ಹೆಚ್ಚಿದಂತೆ ಹಿಗ್ಗಿಸುವ ಪ್ರಮಾಣವನ್ನೂ ಹೆಚ್ಚಿಸುವುದೇ ಅದು. ಕ್ಷೀಣವಾದ ನಿಜದನಿ ಇದ್ದಲ್ಲಿ ಇದರಿಂದ ಉಪಕಾರವೇ ಆಗುವುದು. ದನಿಯೇ ಇಲ್ಲದಲ್ಲಿ ಯಂತ್ರವು ತನ್ನ ಗದ್ದಲವನ್ನೇ ಹಿಗ್ಗಿಸಿ ತೋರಿಸುವುದು. ಆ ಗದ್ದಲದಲ್ಲಿ ನೋಡುವವನ ಕಣ್ಣು ತಾನು ಬಯಸಿದುದನ್ನು ಕಾಣುವುದು. ಮಸುಕಾದ ಗುರುತುಗಳನ್ನು ಓದುವುದು ಒಳ್ಳೆಯ ವಿದ್ವಾಂಸರಿಗೂ ಎಷ್ಟು ಕಷ್ಟವೆಂಬುದನ್ನು ಈಜಿಪ್ಟಿನ ತೂತಂಖಾಮುನ್ ಅರಸನ ಸಮಾಧಿಯ ಪ್ರಸಂಗದಿಂದ ತಿಳಿಯಬಹುದು. ೧೯೨೨ರಲ್ಲಿ ತೆರೆದ ಆ ಸಮಾಧಿಯ ಗೋಡೆಗಳ ಹಿಂದೆ ಗುಪ್ತ ಕೋಣೆಗಳಿರಬಹುದೆಂಬ ಊಹೆಯು ೨೦೧೫ರಲ್ಲಿ ಎದ್ದಿತು. ಆ ವರ್ಷದ ರೇಡಾರ್ ಪರೀಕ್ಷೆಯು ಹೌದೆಂದಿತು. ೨೦೧೬ರ ಎರಡನೆಯ ಪರೀಕ್ಷೆಯಲ್ಲಿ ಅಂತಹ ಕುರುಹು ಕಾಣಲಿಲ್ಲ. ೨೦೧೮ರಲ್ಲಿ ಟ್ಯೂರಿನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದವರು ಹಲವು ಕಂಪನಸಂಖ್ಯೆಗಳಿಂದ ಮೂರನೆಯ ಬಾರಿ ಪರೀಕ್ಷಿಸಿ, ಕೋಣೆಗಳಿಲ್ಲವೆಂದು ದೃಢವಾಗಿ ಹೇಳಿದರು. ಲೋಕವೆಲ್ಲ ಆಸೆಯಿಂದ ನೋಡುತ್ತಿದ್ದಾಗ ಇಲ್ಲವೆಂದು ಹೇಳುವುದಕ್ಕೆ ಮೂರು ಪರೀಕ್ಷೆಗಳು ಬೇಕಾದುವು.

ಹಾಗಾದರೆ ರೇಡಾರಿಗೆ ತನ್ನ ಒಳಗನ್ನು ತಾನಾಗಿ ತೆರೆದು ತೋರಿಸುವ ನೆಲ ಯಾವುದು? ನೀರು ಬಿಟ್ಟುಹೋದ ನೆಲ. ೧೯೮೧ರ ನವೆಂಬರಿನಲ್ಲಿ ಕೊಲಂಬಿಯ ಎಂಬ ಆಕಾಶನೌಕೆಯು ರೇಡಾರನ್ನು ಹೊತ್ತು ಈಜಿಪ್ಟಿನ ದಕ್ಷಿಣಕ್ಕೂ ಸೂಡಾನಿನ ಉತ್ತರಕ್ಕೂ ಹಬ್ಬಿದ ಮರುಭೂಮಿಯ ಮೇಲೆ ಹಾದುಹೋಯಿತು. ಕಣ್ಣಿಗೆ ಬರಿಯ ಮರಳಹಾಸು ಕಾಣುವಲ್ಲಿ ರೇಡಾರಿನ ಚಿತ್ರದಲ್ಲಿ ಹಳೆಯ ನದಿಗಳ ಪಾತ್ರಗಳೂ ಕಣಿವೆಗಳೂ ಮೂಡಿದುವು. ಅತಿಶುಷ್ಕವಾದ ಆ ಮರಳನ್ನು ತರಂಗವು ಒಂದೆರಡು ಮೀಟರಿನವರೆಗೆ ತಡೆಯಿಲ್ಲದೆ ಹಾದು, ಕೆಳಗಿನ ನೆಲವನ್ನು ಮುಟ್ಟಿ ಬಂದಿದ್ದಿತು. ಅನಂತರ ವಿದ್ವಾಂಸರು ಅಲ್ಲಿಗೆ ಹೋಗಿ ಅಗೆದು ನೋಡಿದಾಗ ಚಿತ್ರವು ನಿಜವಾಗಿದ್ದಿತಲ್ಲದೆ, ಆ ನದಿಗಳ ದಡದಲ್ಲಿ ಆದಿಮಾನವನ ಕಲ್ಲಿನ ಆಯುಧಗಳೂ ದೊರೆತುವು. ನದಿಗಳು ಜೀವಂತವಾಗಿದ್ದು ಮಣ್ಣು ತೊಯ್ದಿದ್ದರೆ ಆ ರೇಡಾರಿಗೆ ನೆಲದ ಕೆಳಗಿನದು ಕಾಣುತ್ತಿರಲಿಲ್ಲ. ಅವು ಬತ್ತಿಹೋದುದರಿಂದಲೇ ಅವುಗಳ ಹಾದಿ ಕಂಡಿತು. ಚಂದ್ರನ ನೆಲವೂ ಹಾಗೆಯೇ. ೨೦೧೯ರ ಜನವರಿಯಲ್ಲಿ ಚಂದ್ರನ ಹಿಂಬದಿಯಲ್ಲಿ ಇಳಿದ ಚೀನೀಯರ ಗಾಡಿಯ ರೇಡಾರು ೫೦೦ ಮೆಗಾಹರ್ಟ್ಸಿನಲ್ಲಿಯೇ ೪೦ ಮೀಟರು ಆಳದವರೆಗಿನ ಪದರಗಳನ್ನು ತೋರಿಸಿತು. ಭೂಮಿಯ ಜೇಡಿಹೊಲದಲ್ಲಿ ಅದಕ್ಕೆ ಒಂದು ಮೀಟರೂ ದುರ್ಲಭವಾಗುತ್ತಿದ್ದಿತು.

ಆದರೂ ಪೂರ್ಣವಾದ ಒಣತನವೇ ನೋಟಕ್ಕೆ ಉತ್ತಮವೆಂದು ತಿಳಿಯುವುದು ತಪ್ಪು. ಮರುದನಿಯು ಹುಟ್ಟುವುದು ಎರಡು ವಸ್ತುಗಳಿಗಿರುವ ಭೇದದಿಂದ. ಒಣಮರಳಿನಲ್ಲಿ ಪ್ಲಾಸ್ಟಿಕ್ಕಿನ ವಸ್ತುವೊಂದನ್ನು ಹೂತರೆ, ಎರಡರ ವಿದ್ಯುದ್ಗುಣವೂ ಹೆಚ್ಚುಕಡಮೆ ಒಂದೇ ಆದುದರಿಂದ, ತರಂಗವು ಅದನ್ನು ಗಮನಿಸದೆ ದಾಟಿಹೋಗುವುದು. ಸ್ವಲ್ಪ ತೇವ ಬಂದರೆ ಭೇದವು ಬೆಳೆದು ವಸ್ತುವು ಕಾಣತೊಡಗುವುದು. ತೇವವೂ ಲವಣವೂ ಇನ್ನೂ ಹೆಚ್ಚಿದರೆ ಕ್ಷಯವು ಬೆಳೆದು ಅದು ಮತ್ತೆ ಮರೆಯಾಗುವುದು. ಯಾವ ನೀರು ವಸ್ತುವನ್ನು ಬೇರ್ಪಡಿಸಿ ತೋರಿಸುವುದೋ ಅದೇ ನೀರು ಅದನ್ನು ಮುಚ್ಚುವುದು.

ಈ ಮಾತು ಪ್ರಯೋಗಶಾಲೆಯ ಕುತೂಹಲವಾಗಿ ನಿಲ್ಲುವುದಿಲ್ಲ. ಯುದ್ಧ ಮುಗಿದ ನಾಡುಗಳಲ್ಲಿ ನೆಲದೊಳಗೆ ಉಳಿದುಬಿಟ್ಟ ಸಿಡಿಗುಂಡುಗಳಲ್ಲಿ ಎಷ್ಟೋ ಪ್ಲಾಸ್ಟಿಕ್ಕಿನ ಕವಚದವು. ಅವುಗಳಲ್ಲಿ ಲೋಹವು ಚಿಟಿಕೆಯಷ್ಟು ಮಾತ್ರ. ಅವುಗಳನ್ನು ಹುಡುಕಲು ಲೋಹಶೋಧಕವನ್ನೂ ರೇಡಾರನ್ನೂ ಒಂದೇ ಹಿಡಿಕೆಗೆ ಜೋಡಿಸಿದ ಉಪಕರಣವನ್ನು ಕಾಂಬೋಡಿಯ ಮೊದಲಾದ ದೇಶಗಳಲ್ಲಿ ಬಳಸಿರುವರು. ಗದ್ದೆಯ ಅಂಚಿನಲ್ಲಿ ರೈತನು ಕಾದು ನಿಂತಿರುವನು. ಈ ನೆಲದಲ್ಲಿ ನೇಗಿಲು ಹೂಡಬಹುದೇ, ಮಕ್ಕಳು ಈ ದಾರಿಯಲ್ಲಿ ನಡೆಯಬಹುದೇ ಎಂಬುದು ಅವನ ಪ್ರಶ್ನೆ. ಉಪಕರಣದಲ್ಲಿ ಏನೂ ಕೇಳಿಬರಲಿಲ್ಲವೆಂಬುದು ಆ ಪ್ರಶ್ನೆಗೆ ಉತ್ತರವಾಗಲಾರದು. ಕೇಳಿಬರಬೇಕಾದಷ್ಟು ಆಳಕ್ಕೆ, ಈ ಮಣ್ಣಿನಲ್ಲಿ, ಈ ದಿನದ ತೇವದಲ್ಲಿ, ತರಂಗವು ಇಳಿದು ಬಂದಿತೇ ಎಂಬುದು ಮೊದಲು ತಿಳಿಯಬೇಕು. ಆದುದರಿಂದ ಜವಾಬ್ದಾರಿಯನ್ನು ಅರಿತ ಶೋಧಕನು ಕೆಲಸಕ್ಕೆ ಮೊದಲು ಅಲ್ಲಿನದೇ ಮಣ್ಣಿನಲ್ಲಿ, ಗೊತ್ತಾದ ಆಳದಲ್ಲಿ, ಗೊತ್ತಾದ ವಸ್ತುವನ್ನು ಹೂತು, ಅದು ಕಾಣುವುದೋ ಇಲ್ಲವೋ ಎಂದು ಪರೀಕ್ಷಿಸುವನು. ನಿನ್ನೆ ಕಂಡುದು ರಾತ್ರಿಯ ಮಳೆಯ ಅನಂತರ ಇಂದು ಕಾಣದಿರಬಹುದೆಂಬುದನ್ನೂ ಅವನು ಬಲ್ಲನು.

ಕ್ಷಯವನ್ನು ಹೀಗೆ ಅಳೆಯತೊಡಗಿದ ಮೇಲೆ ಅದು ಬರಿಯ ಶತ್ರುವಾಗಿ ಉಳಿಯಲಿಲ್ಲವೆಂಬುದನ್ನೂ ಹೇಳಬೇಕು. ಕಸದ ತಿಪ್ಪೆಯಿಂದ ಲವಣಮಯವಾದ ಕೊಳೆನೀರು ನೆಲದೊಳಗೆ ಎಲ್ಲಿಯವರೆಗೆ ಹರಿದಿದೆಯೆಂಬುದನ್ನು ಮರುದನಿಗಳು ಹಠಾತ್ತಾಗಿ ಮಂಕಾಗುವ ಮೇರೆಯಿಂದ ಗುರುತಿಸಬಹುದು. ಸಮುದ್ರತೀರದ ಮರಳಿನಲ್ಲಿ ಸಿಹಿನೀರು ಮುಗಿದು ಉಪ್ಪುನೀರು ಮೊದಲಾಗುವೆಡೆಯಲ್ಲಿಯೂ ಹೀಗೆಯೇ. ಹಿಮವು ಬೆಚ್ಚಗಾದಷ್ಟೂ ಅದರಲ್ಲಿ ಕ್ಷಯವು ಹೆಚ್ಚುವುದರಿಂದ, ಹಿಮಖಂಡದ ಒಡಲಿನ ಉಷ್ಣತೆಯನ್ನು ಕೂಡ ದನಿಯು ಕುಂದಿದ ಪ್ರಮಾಣದಿಂದ ಊಹಿಸುವರು. ಇಲ್ಲಿ ಕಾಣದಿರುವುದೇ ಕಾಣ್ಕೆಯಾಯಿತು. ಎಷ್ಟು ಕುಂದಿತೆಂಬುದನ್ನು ಅಳೆದವನಿಗೆ ಮಾತ್ರ.

ಶೋಧಕನು ಸಂಜೆ ಗಾಡಿಯನ್ನು ನಿಲ್ಲಿಸಿ ತನ್ನ ವರದಿಯನ್ನು ಬರೆಯಲು ಕುಳಿತಾಗ ಅವನ ಮುಂದೆ ಎರಡು ವಾಕ್ಯಗಳಿರುವುವು. ‘ಈ ನೆಲದಲ್ಲಿ ಏನೂ ಇಲ್ಲ’ ಎಂಬುದೊಂದು. ‘ಎಂಬತ್ತು ಸೆಂಟಿಮೀಟರಿನವರೆಗೆ ಏನೂ ಕಾಣಲಿಲ್ಲ, ಅದರಿಂದಾಚೆಗೆ ಈ ಮಣ್ಣಿನಲ್ಲಿ ಕಾಣುವಂತಿಲ್ಲ’ ಎಂಬುದಿನ್ನೊಂದು. ಮೊದಲನೆಯದು ಕೇಳುವವರಿಗೆ ಹಿತವಾದುದು. ಕೂಲಿ ಕೊಟ್ಟವರಿಗೂ ಅದೇ ಬೇಕಾಗಿರುವುದು. ಎರಡನೆಯದನ್ನು ಓದಿ ಅವರು ಮುಖ ಸಿಂಡರಿಸಿಯಾರು, ಇಷ್ಟಕ್ಕೆ ಈ ಯಂತ್ರವೇಕೆಂದು ಕೇಳಿಯಾರು. ಆದರೂ ಆ ಹೊಲದಲ್ಲಿ ಮುಂದೆ ಗುದ್ದಲಿ ಹಿಡಿದು ಇಳಿಯುವವನು ನಂಬಿ ಇಳಿಯುವುದು ಆ ವರದಿಯ ಮೇಲೆ. ಅವನ ಸಲುವಾಗಿ ಎರಡನೆಯ ವಾಕ್ಯವನ್ನು, ಅದರ ಸೆಂಟಿಮೀಟರಿನ ಲೆಕ್ಕದೊಡನೆ, ಬಿಡದೆ ಬರೆಯತಕ್ಕದ್ದು.